ಐವತ್ಮೂರೂ ಮೂರನೇ ಒಂದು

ಟ್ರೆಂಟನ್ನಿನ ಸ್ಟೇಟ್ ಹೌಸಿನ, ಅಂದರೆ ನ್ಯೂಜೆರ್ಸಿಯ ವಿಧಾನಸೌಧದ, ಬಾಗಿಲಲ್ಲಿ ಕಾವಲುಗಾರ ಚೀಲದ ಜಿಪ್ ಎಳೆದು ಇಣುಕಿದ. ಒಳಗೆ ಕೆಂಪು ಬಟ್ಟೆಯಿಂದ ಬಾಯಿ ಕಟ್ಟಿದ ತಾಮ್ರದ ಚೊಂಬು.

“ಇದೇನು, ಸರ್?”

“ನನ್ನ ಹೆಂಡತಿ,” ಎಂದರು ಶಶಿಧರ ಇಂಗ್ಲಿಷಿನಲ್ಲಿ, ಮದುವೆಮನೆಯಲ್ಲಿ ಪಕ್ಕದಲ್ಲಿ ನಿಂತವಳನ್ನು ಪರಿಚಯಿಸುವಷ್ಟು ಸಲೀಸಾಗಿ.

ಕಾವಲುಗಾರನ ಕೈ ಜಿಪ್ಪಿನ ಮೇಲೆಯೇ ನಿಂತಿತು. ಚೊಂಬನ್ನು ನೋಡಿದ, ಶಶಿಧರರನ್ನು ನೋಡಿದ, ಅವರ ಹಿಂದೆ ಮಂಕಿ ಕ್ಯಾಪು ಹಾಕಿ ನಿಂತಿದ್ದ ಗೆಳೆಯ ಬದರಿಯನ್ನು ನೋಡಿದ. ಸಂದರ್ಶಕರಿಗೆ ಕೊಡುವ ಅಂಟುಚೀಟಿ ಎರಡನ್ನು ಹರಿದು ಕೊಟ್ಟ. ಏನೋ ಯೋಚಿಸಿ ಮೂರನೆಯದನ್ನೂ ಹರಿದು, ಚೀಲದ ಮೇಲೆ ಅಂಟಿಸಿ, ಅಂಗೈಯಲ್ಲಿ ಮೆತ್ತಗೆ ಒತ್ತಿದ.

“ಗ್ಯಾಲರಿ ಮೇಲಿದೆ. ಅಲ್ಲಿ ಯಾರೂ ಮಾತಾಡೋ ಹಾಗಿಲ್ಲ.”

“ಅವರಿಂದ ತೊಂದ್ರೆ ಇಲ್ಲಪ್ಪ, ನನ್ನದೇ ಕಷ್ಟ,” ಎಂದು ಬದರಿ ಕನ್ನಡದಲ್ಲಿ ಗೊಣಗಿದರು.

ಶಶಿಧರರಿಗೆ ಎಪ್ಪತ್ತನಾಲ್ಕು. ಧಾರವಾಡದಲ್ಲಿ ಹುಟ್ಟಿ, ನ್ಯೂಜೆರ್ಸಿಗೆ ಮೂವತ್ತನಾಲ್ಕು ವರ್ಷ ಸೇತುವೆ ಕಟ್ಟಿಕೊಟ್ಟು, ವೆಸ್ಟ್ ವಿಂಡ್ಸರಿನಲ್ಲಿ ನಿವೃತ್ತರಾದ ಎಂಜಿನಿಯರು. ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಸ್ಟಾಪ್ ಫಲಕ ಕಂಡರೂ ಮೂರು ಎಣಿಸಿ ಮುಂದೆ ಹೋಗುವ ಪೈಕಿ. ಬದರಿ ಮೈಸೂರಿನವರು, ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದವರು. ಯಾರ ದನಿಯನ್ನಾದರೂ ಅರ್ಧ ನಿಮಿಷದಲ್ಲಿ ಗಂಟಲಿಗೆ ಇಳಿಸಿಕೊಳ್ಳುತ್ತಿದ್ದರು. ಒಮ್ಮೆ ಶಶಿಧರರ ದನಿಯಲ್ಲಿ ಅವರ ಮನೆಗೇ ಫೋನು ಮಾಡಿ, “ಸಂಜಿಕ್ಕ ಆರು ಮಂದಿ ಊಟಕ್ಕ ಬರ್ತಾರ, ಜ್ವಾಳದ ರೊಟ್ಟಿ ಮಾಡು” ಎಂದು ಹೇಳಿ, ಆ ಆರರಲ್ಲಿ ತಾವೂ ಒಬ್ಬರಾಗಿ ಹೋಗಿ ಉಂಡು ಬಂದಿದ್ದರು. ರೊಟ್ಟಿ ಬಡಿದ ಶೈಲಮ್ಮನಿಗೆ ನಿಜ ಗೊತ್ತಾದದ್ದು ಬದರಿ ಮೂರನೆಯ ರೊಟ್ಟಿ ಮುರಿಯುವಾಗ. “ಗಂಟಲು ಅವರದು, ಹೊಟ್ಟೆ ಮಾತ್ರ ನಿಮ್ದೇ,” ಎಂದು ನಾಲ್ಕನೆಯದನ್ನೂ ಬಡಿಸಿದ್ದರು.

ಶೈಲಮ್ಮ ಹೋಗಿ ಹದಿನಾಲ್ಕು ತಿಂಗಳು. ಶ್ರೀರಂಗಪಟ್ಟಣದ ಹೆಣ್ಣು, ಹೊಳೆಯಿಲ್ಲದೆ ಉಸಿರಾಡಲು ಬಾರದು. ಇಲ್ಲಿಗೆ ಬಂದ ಮೇಲೆ ಪ್ರತಿ ಭಾನುವಾರ ತಾವೇ ಡ್ರೈವ್ ಮಾಡಿಕೊಂಡು ಡೆಲವೇರ್ ನದಿಯ ದಡಕ್ಕೆ ಹೋಗಿ ಒಂದು ಗಂಟೆ ನಡೆದು ಬರುತ್ತಿದ್ದರು. “ಕಾವೇರಿ ದೂರ ಆದ್ಮೇಲೆ ನಂಗೆ ಡೆಲವೇರಿನೇ ಗತಿ,” ಎನ್ನುತ್ತಿದ್ದರು. ಕೊನೆಯ ವಾರ ಆಸ್ಪತ್ರೆಯಲ್ಲಿ ಹೇಳಿದ್ದೂ ಅದನ್ನೇ: “ನನ್ನ ಇಲ್ಲೇ ಬಿಡಿ. ವಿಮಾನ ಹತ್ತಿಸ್ಬೇಡಿ. ಆ ಸೀಟಲ್ಲಿ ನಂಗೆ ನಿದ್ದೆ ಬರಲ್ಲ.”

ಬಿಡುವುದು ಹೇಗೆ? ಶಶಿಧರರು ಒಂದು ಕಚೇರಿಗೆ ಬರೆದರು. ನದಿಗೆ ಬೂದಿ ಬಿಡಲು ಅನುಮತಿ ಬೇಕು ಎಂದು ಉತ್ತರ ಬಂತು. ಅನುಮತಿಯ ಅರ್ಜಿ ಕಳಿಸಿ ಎಂದು ಮತ್ತೆ ಬರೆದರು. ಅಂಥ ಅರ್ಜಿಯ ನಮೂನೆ ಇನ್ನೂ ತಯಾರಾಗಿಲ್ಲ ಎಂದು ಉತ್ತರ ಬಂತು. ಪರಿಚಯದವರೆಲ್ಲ ನಕ್ಕರು. ಬೆಳಗಿನ ಜಾವ ಐದಕ್ಕೆ ಸೇತುವೆಯ ಕೆಳಗೆ ಹೋಗಿ ಬಿಟ್ಟು ಬನ್ನಿ, ಎಲ್ಲರೂ ಮಾಡೋದೇ ಅದು, ಯಾರು ನೋಡ್ತಾರೆ ಅಂದರು.

“ಆ ಸೇತುವಿ ನಕಾಶೆ ಮ್ಯಾಲೆ ನನ್ನ ಸಹಿ ಅದ,” ಎಂದಿದ್ದರು ಶಶಿಧರ. “ಅದರ ಬುಡಕ್ಕ ನಿಂತು ನನ್ನ ಹೆಂಡ್ತಿನ್ನ ಕಳ್ಳಸಾಗಣೆ ಮಾಡ್ಲೇನು?”

ಹಾಗೆ ಹುಟ್ಟಿದ್ದು ಮಸೂದೆ. ನದಿಗಳ ದಡದಲ್ಲಿ ನಾಲ್ಕು ಜಾಗ ಗೊತ್ತುಮಾಡಿ, ಅಲ್ಲಿ ಯಾವ ಧರ್ಮದವರಾದರೂ ತಮ್ಮವರ ಬೂದಿಯನ್ನು ಹಗಲು ಹೊತ್ತಿನಲ್ಲಿ, ತಲೆ ಎತ್ತಿಕೊಂಡು ಬಿಡಬಹುದು ಎನ್ನುವ ಒಂದೂವರೆ ಪುಟದ ಮಸೂದೆ. ಅದನ್ನು ಮಂಡಿಸಿದವಳು ಅಸೆಂಬ್ಲಿವುಮನ್, ಅಂದರೆ ಕೆಳಮನೆಯ ಶಾಸಕಿ, ನಿರುಪಮಾ. ಇಲ್ಲೇ ಹುಟ್ಟಿದವಳು, ಏಳನೇ ವಯಸ್ಸಿನಲ್ಲಿ ಮಿಲ್‌ಸ್ಟೋನ್ ಕನ್ನಡ ಬಳಗದ ನಾಟಕದಲ್ಲಿ ಶೈಲಮ್ಮನ ನಿರ್ದೇಶನದಲ್ಲಿ ಮರದ ಪಾತ್ರ ಮಾಡಿ, ಅಲ್ಲಾಡದೆ ನಿಂತು ಚಪ್ಪಾಳೆ ಗಿಟ್ಟಿಸಿದವಳು. ಮೇಲ್ಮನೆಯಾದ ಸೆನೆಟ್ ಮಸೂದೆಯನ್ನು ಜೂನಿನಲ್ಲೇ ಒಪ್ಪಿತ್ತು. ಅಸೆಂಬ್ಲಿ ಮಾತ್ರ ನಾಳೆ ನಾಡಿದ್ದು ಎಂದು ತಳ್ಳುತ್ತಾ ತಳ್ಳುತ್ತಾ ನವೆಂಬರಿಗೆ ತಂದಿಟ್ಟಿತು. ನವೆಂಬರಿನ ಚುನಾವಣೆಯಲ್ಲಿ ನಿರುಪಮಾ ಇನ್ನೂರ ಹನ್ನೆರಡು ಓಟಿನಿಂದ ಸೋತಳು.

ಇಲ್ಲಿನ ಪದ್ಧತಿ ಹೀಗೆ: ಚುನಾವಣೆ ನವೆಂಬರಿನಲ್ಲಿ, ಹೊಸ ಸದನ ಕೂರುವುದು ಜನವರಿಯ ಎರಡನೇ ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ. ನಡುವಿನ ಎರಡು ತಿಂಗಳು ಸೋತವರೂ ನಿವೃತ್ತರಾಗುವವರೂ ಅದೇ ಕುರ್ಚಿಯಲ್ಲಿ ಕೂತು ಓಟು ಹಾಕುತ್ತಾರೆ. ಇದಕ್ಕೆ ಲೇಮ್ ಡಕ್, ಅಂದರೆ ಕುಂಟು ಬಾತಿನ ಕಾಲ ಎಂದು ಹೆಸರು. ಹೆಸರಿಗೆ ಕುಂಟು, ವರ್ಷವಿಡೀ ಎದ್ದು ನಿಲ್ಲಲಾರದ ಮಸೂದೆಗಳೆಲ್ಲ ಆಗ ಓಟಕ್ಕೆ ಬೀಳುತ್ತವೆ, ಏಕೆಂದರೆ ಮತದಾರನ ಹೆದರಿಕೆ ಮುಗಿದಿರುತ್ತದೆ. “ಕಾಲು ಬಾತಷ್ಟೂ ಈ ಬಾತು ಜೋರಾಗಿ ಓಡುತ್ತೆ,” ಎಂದು ಬದರಿ ಕಾರಿನಲ್ಲಿ ಹೇಳಿದ್ದರು. ಶಶಿಧರರಿಗೆ ಅದು ಬೇರೆ ಥರ ತೋರುತ್ತಿತ್ತು. ಸಂಕ್ರಾಂತಿಗೆ ಎರಡು ದಿನವಿತ್ತು. ಅವರ ಪಂಚಾಂಗದಲ್ಲಿ ಇದು ಶೂನ್ಯಮಾಸ. ಶುಭಕಾರ್ಯ ಮಾಡುವ ಕಾಲವಲ್ಲ.

ಅದನ್ನು ಶಾಸನಸಭೆಗೂ ಕಲಿಸಿದವರು ಸ್ವತಃ ಶಶಿಧರ. ಅದು ಅವರಿಗೇ ಅರ್ಧ ನಂಬಿಕೆ ಬರದ ಸಂಗತಿ.

ತೊಂಬತ್ತಾರನೇ ಇಸವಿ. ಬಳಗದ ಅಧ್ಯಕ್ಷೆ ಶೈಲಮ್ಮ ಸಂಕ್ರಾಂತಿಯ ಚುನಾವಣೆಯಲ್ಲಿ ವೀರಬಸಮ್ಮನಿಗೆ ಏಳು ಓಟಿನಿಂದ ಸೋತರು. ಅಧಿಕಾರ ಬಿಟ್ಟುಕೊಡುವುದು ಯುಗಾದಿಗೆ. ನಡುವೆ ಒಂದು ಶನಿವಾರ ಬೆಳಿಗ್ಗೆ ಶೈಲಮ್ಮ ಸರ್ವಸದಸ್ಯರ ಸಭೆ ಕರೆದರು. ಅದು ವಿಶ್ವಕಪ್ಪಿನಲ್ಲಿ ಭಾರತ ಪಾಕಿಸ್ತಾನ ಬೆಂಗಳೂರಿನಲ್ಲಿ ಆಡುತ್ತಿದ್ದ ದಿನ. ಇಡೀ ಬಳಗ ವೀರಬಸಮ್ಮನ ಮನೆಯ ಡಿಶ್ ಆಂಟೆನಾದ ಕೆಳಗಿತ್ತು. ಶಾಲೆಯ ಕೆಫೆಟೀರಿಯಾದ ಸಭೆಗೆ ಬಂದವರು ಒಂಬತ್ತು ಜನ. ಒಂಬತ್ತೂ ಜನ ಉಪ್ಪಿಟ್ಟು ತಿಂದು, ಬಳಗದ ವೇದಿಕೆಯಲ್ಲಿ ಇನ್ನು ಯಾರ ಭಾಷಣವೂ ಐದು ನಿಮಿಷ ಮೀರಕೂಡದು, ಮೀರಿದರೆ ಮೈಕು ಬಂದ್ ಎಂದು ಸರ್ವಾನುಮತದಿಂದ ನಿರ್ಣಯ ಮಾಡಿದರು. ನಿರ್ಣಯವೇನೋ ಅಮೃತದಂಥದ್ದು. ಮಾಡಿದ ರೀತಿ ಮಾತ್ರ ಶಶಿಧರರಿಗೆ ನುಂಗಲಾಗಲಿಲ್ಲ. ಆ ವಾರವೇ ಹೆಂಡತಿಯ ವಿರುದ್ಧ ಬೈಲಾಗೆ ಒಂದು ವಾಕ್ಯ ಬರೆದರು:

‘ಚುನಾವಣೆಯ ನಂತರ, ಹಸ್ತಾಂತರಕ್ಕೆ ಮುನ್ನ, ಒಟ್ಟು ಸದಸ್ಯರಲ್ಲಿ, ಹಾಜರಿದ್ದವರಲ್ಲಿ ಅಲ್ಲ, ಮೂರನೇ ಎರಡು ಪಾಲಿನ ಒಪ್ಪಿಗೆಯಿಲ್ಲದೆ ಯಾವ ನಿರ್ಣಯವೂ ಆಗತಕ್ಕದ್ದಲ್ಲ.’

ಅಂದರೆ ಮ್ಯಾಚು ನೋಡಲು ಹೋದವನೂ ಬೇಡ ಎಂದಂತೆಯೇ ಲೆಕ್ಕ. ಶೈಲಮ್ಮ ನಾಲ್ಕು ದಿನ ಗಂಡನ ಜೊತೆ ಮಾತು ಬಿಟ್ಟರು. ಐದನೆಯ ದಿನ ಸಭೆಯಲ್ಲಿ ಎದ್ದು, ಎಲ್ಲರಿಗಿಂತ ಮೊದಲು ಕೈ ಎತ್ತಿದರು. “ನಾನು ತಪ್ಪು ಮಾಡ್ದೆ ಅಂತ ಅಲ್ಲ. ನಾಳೆ ಇನ್ನೊಬ್ಬ ಶೈಲಮ್ಮ ಬರ್ತಾಳೆ. ಅವಳು ನನ್ನಷ್ಟು ಒಳ್ಳೆಯವಳಾಗಿರಲ್ಲ.”

ಎರಡು ವರ್ಷದ ಹಿಂದೆ ನಿರುಪಮಾ ಮೊದಲ ಸಲ ಗೆದ್ದಾಗ, ಲೇಮ್ ಡಕ್ ಅವಸರಗಳ ಬಗ್ಗೆ ಊರೆಲ್ಲ ರೇಗಿತ್ತು. ಸದನ ತನ್ನ ನಿಯಮಾವಳಿ ಒಪ್ಪುವ ಮೊದಲ ದಿನವೇ ಆಕೆ ಎದ್ದು ಒಂದು ನಿಯಮ ಸೇರಿಸಿದಳು. ಹೊಸದಾಗಿ ಬರೆಯುವ ಕಷ್ಟ ಯಾಕೆಂದು ಬಳಗದ ಬೈಲಾವನ್ನೇ ಇಂಗ್ಲಿಷಿಗೆ ಇಳಿಸಿದ್ದಳು, ಅಲ್ಪವಿರಾಮಗಳ ಸಮೇತ. ಎಂಬತ್ತು ಸದಸ್ಯರ ಸದನ. ಎಂಬತ್ತರ ಮೂರನೇ ಎರಡು ಪಾಲು ಐವತ್ಮೂರೂ ಮೂರನೇ ಒಂದು. ಮೂರನೇ ಒಂದು ಮನುಷ್ಯ ಸಿಗುವುದಿಲ್ಲವಾದ್ದರಿಂದ ಐವತ್ನಾಲ್ಕು.

ಈಗ ಆ ಸದನದ ಕೊನೆಯ ಸೋಮವಾರ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಇದು ಮುಗಿಯುತ್ತದೆ, ಬಾಕಿ ಉಳಿದ ಮಸೂದೆಗಳೆಲ್ಲ ಇದರ ಜೊತೆಗೇ ಸಾಯುತ್ತವೆ. ಬೆಳಗಿನಿಂದ ಹಿಮ ಬೀಳುತ್ತಿತ್ತು.

ಗ್ಯಾಲರಿಯ ಮೊದಲ ಸಾಲಿನಲ್ಲಿ ಕೂತು ಶಶಿಧರ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಕೆಳಗೆ ಮರದ ಮೇಜುಗಳ ಸಾಲು, ಎದುರಿಗೆ ಸ್ಪೀಕರ್, ಗೋಡೆಯ ಮೇಲೆ ಎಂಬತ್ತು ಹೆಸರಿನ ಫಲಕ. ಪ್ರತಿ ಹೆಸರಿನ ಮುಂದೆ ಹಸಿರೋ ಕೆಂಪೋ ಬೆಳಗುವ ಒಂದು ಪುಟ್ಟ ದೀಪ.

ಗುಮಾಸ್ತ ಮಸೂದೆಗಳ ಹೆಸರನ್ನು ಉಸಿರು ಬಿಡದೆ ಓದುತ್ತಿದ್ದ. ಬದರಿ ಎರಡೇ ನಿಮಿಷದಲ್ಲಿ ಅವನನ್ನು ಹಿಡಿದರು. ತುಟಿ ಅಲ್ಲಾಡಿಸದೆ, ಮೂಗಿನಲ್ಲಿ, ಅದೇ ವೇಗದಲ್ಲಿ, “ಇಡ್ಲಿವಡೆಸಾಂಬಾರ್‌ಕುರಿತಮಸೂದೆಎರಡನೇಓದುಚಟ್ನಿತಿದ್ದುಪಡಿಸಹಿತ,” ಎಂದರು. ಪಕ್ಕದ ಕುರ್ಚಿಯ ಅಮೆರಿಕನ್ ಹೆಂಗಸು ಗುಮಾಸ್ತನೇ ಮೇಲೆ ಬಂದನೇನೋ ಎಂದು ತಿರುಗಿ ನೋಡಿದಳು.

“ಬಾಯಿ ಮುಚ್ಚೋ,” ಎಂದರು ಶಶಿಧರ. “ಹೊರಗ ಹಾಕ್ತಾರ.”

“ಇಲ್ಲಿ ‘ಆಯ್’ ಅಂದ್ರೆ ಆಯ್ತು, ‘ನೋ’ ಅಂದ್ರೆ ನೋವು. ಅಷ್ಟು ಅರ್ಥ ಮಾಡ್ಕೊಂಡಿದೀನಿ. ಇನ್ನು ಸುಮ್ನಿರ್ತೀನಿ.”

ಎರಡೂವರೆಗೆ ನಿರುಪಮಾಳ ಮಸೂದೆ ಬಂತು. ಆಕೆ ಒಂದೇ ನಿಮಿಷ ಮಾತಾಡಿದಳು. ವಾಯವ್ಯದ ಗುಡ್ಡಗಾಡಿನ ವ್ಯಾನ್ ಹೌಟನ್ ಎಂಬ ಮುದುಕ ಎದ್ದು, ತಾನು ಅರವತ್ತು ವರ್ಷದಿಂದ ಈ ನದಿಗಳಲ್ಲಿ ಮೀನು ಹಿಡಿಯುತ್ತಿರುವುದಾಗಿಯೂ, ನದಿಗೆ ಯಾರೂ ಏನನ್ನೂ ಹಾಕದಿರುವುದೇ ತನ್ನ ಧರ್ಮವೆಂದೂ ಹೇಳಿ ಕೂತ. ಸ್ಪೀಕರ್ ಓಟಿಗಾಗಿ ಫಲಕ ತೆರೆಯಲು ಹೇಳಿದರು.

ದೀಪಗಳು ಒಂದೊಂದಾಗಿ ಹತ್ತಿದವು. ಹತ್ತು, ಇಪ್ಪತ್ತೆರಡು, ನಲವತ್ತು. ಶಶಿಧರರು ಹೆಸರುಗಳನ್ನು ಓದಿದರು. ಪೋಲಿಷ್ ಹೆಸರು, ಐರಿಷ್ ಹೆಸರು, ಎರಡು ಸ್ಪ್ಯಾನಿಷ್, ಒಂದು ಗುಜರಾತಿ. ಶೈಲಮ್ಮನನ್ನು ಕಂಡೇ ಇರದ, ಶ್ರೀರಂಗಪಟ್ಟಣ ಯಾವ ದಿಕ್ಕಿಗಿದೆಯೆಂದು ತಿಳಿಯದ ಜನ ಬೆರಳು ಒತ್ತಿ ಹಸಿರು ಮಾಡುತ್ತಿದ್ದರು. ಐವತ್ತು. ಐವತ್ತೆರಡು. ಐವತ್ಮೂರು.

ಅಲ್ಲಿಗೆ ನಿಂತಿತು.

ಕೆಂಪು ಹದಿನಾಲ್ಕು. ಹಿಮದಿಂದಾಗಿ ಬರದವರು ಹದಿಮೂರು. ಅವರ ಹೆಸರಿನ ಮುಂದೆ ಕತ್ತಲು.

“ಅರವತ್ತೇಳು ಜನ ಬಂದಿದಾರೆ, ಐವತ್ಮೂರು ಹೂಂ ಅಂದಿದಾರೆ,” ಬದರಿ ಬೆರಳು ಮಡಿಸಿದರು. “ಹಾಜರಿದ್ದವರಲ್ಲಿ ಅಂದಿದ್ರೆ ನಲವತ್ತೈದೇ ಸಾಕಿತ್ತಲ್ಲೋ! ಯಾವ ಪುಣ್ಯಾತ್ಮ ಬರೆದ ಈ ‘ಒಟ್ಟು ಸದಸ್ಯರು’ ಅನ್ನೋದನ್ನ?”

“ನಾನ.”

“ಗೊತ್ತು. ಬೈಯೋಕೆ ಕೇಳಿದ್ದು.” ಬದರಿ ಚೀಲದ ಮೇಲಿನ ಅಂಟುಚೀಟಿ ನೋಡಿದರು. “ಬೇಕಾಗಿರೋದು ಬರೀ ಮೂರನೇ ಒಂದು ಮನುಷ್ಯ. ಶೈಲಮ್ಮನ್ನ ಲೆಕ್ಕಕ್ಕೆ ತಗೋಬಾರ್ದಾ?”

ಸ್ಪೀಕರ್ ಫಲಕ ಮುಚ್ಚಲಿಲ್ಲ. ಅವರು ಮುಚ್ಚಿ ಎನ್ನುವವರೆಗೆ ಅದು ತೆರೆದೇ ಇರುತ್ತದೆ. ಬರಬೇಕಾದ ಒಬ್ಬ ಸದಸ್ಯೆ ಹೆದ್ದಾರಿಯಲ್ಲಿ ಹಿಮದಲ್ಲಿ ಸಿಕ್ಕಿಕೊಂಡಿದ್ದಾಳೆಂದು ಸುದ್ದಿ ಬಂತು. ಕಾದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕಾಫಿ ಲೋಟ ಹಿಡಿದವರು ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ಇನ್ನೊಂದು ಸುದ್ದಿ ಬಂತು: ದಾರಿ ಮುಚ್ಚಿದೆ, ಆಕೆ ಬರುವುದಿಲ್ಲ.

ಶಶಿಧರರು ಎಂದೂ ಕಾಣದ್ದನ್ನು ಕಾಣುತ್ತಿದ್ದರು. ಹೊಸ ಸೇತುವೆಗೆ ಭಾರ ಹೊರಿಸಿ ನೋಡುವ ದಿನ ಮರಳು ತುಂಬಿದ ಲಾರಿಗಳನ್ನು ನಡುಮಧ್ಯಕ್ಕೆ ತಂದು ನಿಲ್ಲಿಸುತ್ತಾರೆ. ಕಟ್ಟಿದವನು ಉಸಿರು ಹಿಡಿದು ಮಾಪಕದ ಮುಳ್ಳು ನೋಡುತ್ತಾನೆ, ಎಷ್ಟು ಬಾಗಿತು, ಎಷ್ಟು ತಡೆಯಿತು ಎಂದು. ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಹೆಂಡತಿಯ ಮೇಲಿನ ಸಿಟ್ಟಿಗೆ ಬರೆದ ಒಂದು ವಾಕ್ಯದ ಮೇಲೆ ಈಗ ಐವತ್ಮೂರು ಶಾಸಕರು ನಿಂತಿದ್ದರು, ಸೆನೆಟ್ ನಿಂತಿತ್ತು, ಸಹಿಗೆ ಕಾದಿದ್ದ ಗವರ್ನರ್ ಕಚೇರಿ ನಿಂತಿತ್ತು. ವಾಕ್ಯ ಕೂದಲೆಳೆಯಷ್ಟೂ ಬಾಗಿರಲಿಲ್ಲ. ಇಂದು ಮರಳಿನ ಲಾರಿ ಅವರ ತೊಡೆಯ ಮೇಲಿತ್ತು, ಅಷ್ಟೇ.

ಜೇಬಿನಲ್ಲಿ ಫೋನು ನಡುಗಿತು. ಕೆಳಗೆ ಸ್ಪೀಕರ್ ಮೇಜಿನ ಬಳಿಯಿಂದ ವಾಪಸು ಬಂದ ನಿರುಪಮಾ ತನ್ನ ಕುರ್ಚಿಯಲ್ಲಿ ಕೂತು, ಮೇಲೆ ನೋಡದೆ ಬರೆದಿದ್ದಳು:

“ಅಂಕಲ್, ಒಂದು ವೇ ಇದೆ. ರೂಲ್‌ನೇ ಸಸ್ಪೆಂಡ್ ಮಾಡೋ ಮೋಷನ್. ಅದಕ್ಕೆ ಸಿಂಪಲ್ ಮೆಜಾರಿಟಿ, 41 ಸಾಕು. ಸ್ಪೀಕರ್ ರೆಡಿ ಇದಾರೆ. ಬಟ್ ನಾನೇ ಮೂವ್ ಮಾಡ್ಬೇಕು. ನೀವು ಹೂಂ ಅಂದ್ರೆ ಮಾಡ್ತೀನಿ.”

ಶಶಿಧರರಿಗೆ ತಕ್ಷಣ ಅರ್ಥವಾಯಿತು. ಬಳಗದ ಬೈಲಾದಲ್ಲಿ ಈ ಸಂದಿಗೆ ಅವರು ಬೋಲ್ಟು ಹಾಕಿದ್ದರು: ಈ ನಿಯಮವನ್ನು ಅಮಾನತಿನಲ್ಲಿಡಲೂ ಅಷ್ಟೇ ಮಂದಿ ಬೇಕು ಎಂಬ ಇನ್ನೊಂದು ಸಾಲು. ಅದು ಮರುಪುಟದಲ್ಲಿತ್ತು. ನಿರುಪಮಾ ನಕಲು ಮಾಡುವಾಗ ಪುಟ ತಿರುವಿರಲಿಲ್ಲ.

ಬದರಿ ಸಂದೇಶವನ್ನು ಅವರ ಭುಜದ ಮೇಲಿಂದ ಓದಿ ಕುರ್ಚಿಯಂಚಿಗೆ ಬಂದರು. “ಹೂಂ ಅನ್ನು! ಕಾನೂನುಬದ್ಧವಾಗೇ ಇದೆ. ಕಳ್ಳತನ ಅಲ್ಲ, ಏನಲ್ಲ. ಸಂಕ್ರಾಂತಿ ಹೊತ್ತಿಗೆ ಶೈಲಮ್ಮ ನೀರಲ್ಲಿರ್ತಾರೆ.”

“ಕಿತ್ತ ಹಾಕ್ಲಿಕ್ಕೆ ನಲವತ್ತೊಂದು ಸಾಕಂದ್ರ, ಐವತ್ನಾಲ್ಕು ಅನ್ನೂದು ಯಾಕ ಬೇಕಿತ್ತು?”

“ನೀನು ಇವತ್ತು ಎಂಜಿನಿಯರ್ ಆಗ್ಬೇಡ ಮಾರಾಯ. ಗಂಡ ಆಗು.”

ಶಶಿಧರರು ಕೈಯನ್ನು ಚೀಲದೊಳಗೆ ಬಿಟ್ಟು ಚೊಂಬಿನ ಕಂಠವನ್ನು ಹಿಡಿದರು. ತಾಮ್ರ ಬೆಚ್ಚಗಾಗಿತ್ತು. ಹದಿನಾಲ್ಕು ತಿಂಗಳು ದೇವರ ಕೋಣೆಯ ಕಪಾಟಿನಲ್ಲಿ ಕೂತವಳು. ಪ್ರತಿ ಭಾನುವಾರ ಬೆಳಿಗ್ಗೆ ಕಾರಿನ ಕೀಲಿ ಕೈಗೆತ್ತಿಕೊಂಡು, ಮತ್ತೆ ಮೊಳೆಗೆ ನೇತುಹಾಕುತ್ತಿದ್ದರು. ಇನ್ನೊಂದು ಭಾನುವಾರ ಹಾಗೆ ಮಾಡುವ ತ್ರಾಣ ತಮಗಿದೆಯೇ ಎಂದು ಅವರಿಗೆ ಖಾತ್ರಿಯಿರಲಿಲ್ಲ.

“ಬದರಿ,” ಎಂದರು ತಗ್ಗಿದ ದನಿಯಲ್ಲಿ. “ನೀ ಎಲ್ಲಾರ ದನಿ ತಗೀತಿ. ಶೈಲಾ ಈಗ ಏನಂತಿದ್ಲು, ಒಂದು ಸಲ ಹೇಳಿ ಬಿಡು. ಅಕಿ ಹೆಂಗಂದ್ರ ಹಂಗ.”

ಬದರಿ ಬಾಯಿ ತೆರೆದರು. ಒಂದು ಕ್ಷಣ ಅವರ ಕೊರಳಿನ ಒಳಗೆ ನಿಜವಾಗಿಯೂ ಯಾರೋ ಬಂದು ನಿಂತಂತಾಯಿತು; ಶ್ರೀರಂಗಪಟ್ಟಣದ ಆ ಎಳೆದ ‘ರೀ’ ಹಲ್ಲಿನವರೆಗೆ ಬಂತು. ಬದರಿ ಬಾಯಿ ಮುಚ್ಚಿಕೊಂಡರು. ನಲವತ್ತು ವರ್ಷದಲ್ಲಿ ಯಾರ ದನಿಗೂ ಇಲ್ಲವೆನ್ನದ ಮನುಷ್ಯನ ಕಣ್ಣು ತೇವವಾಗಿತ್ತು.

“ಬೇಡ ಕಣೋ. ದನಿ ಅವರದು ಬರುತ್ತೆ. ಮಾತು ನನ್ನದಾಗಿರುತ್ತೆ. ಅದು ಕಳ್ಳ ಓಟು.”

ಶಶಿಧರರು ಕನ್ನಡಕ ಹಣೆಗೇರಿಸಿ, ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಒತ್ತಿ ಬರೆದರು: “ಬ್ಯಾಡಮ್ಮ. ನಿಲ್ಲಲಿ ಅದು.”

ಕೆಳಗೆ ನಿರುಪಮಾ ಫೋನು ನೋಡಿದಳು. ತಲೆ ಎತ್ತಿ ಗ್ಯಾಲರಿ ನೋಡಿದಳು. ಇಡೀ ಸದನ ಅವಳ ನೋಟದ ಜೊತೆ ತಿರುಗಿತು. ಅರವತ್ತೇಳು ಮುಖಗಳು ಮೇಲಕ್ಕೆ, ತೊಡೆಯ ಮೇಲೆ ಚೀಲವಿಟ್ಟುಕೊಂಡ ಒಬ್ಬ ಮುದುಕನತ್ತ.

ಆಕೆ ಎದ್ದು ನಿಂತಳು. ಸ್ಪೀಕರ್ ಬೇಕೆಂದೇ ನಿಧಾನವಾಗಿ ಕೇಳಿದರು, “ಸದಸ್ಯೆ ಯಾವುದಾದರೂ ಸೂಚನೆ ಮಂಡಿಸುತ್ತಾರೆಯೇ?”

“ಇಲ್ಲ, ಮಿಸ್ಟರ್ ಸ್ಪೀಕರ್.”

“ಸದಸ್ಯೆಗೆ ಪ್ರಶ್ನೆ ಅರ್ಥವಾಯಿತೇ?”

“ಆಯಿತು. ಈ ನಿಯಮ ನಾನೇ ತಂದದ್ದು. ಬೇರೆಯವರ ಮಸೂದೆಗಳಿಗೆ ಅಂತ ತಂದಿದ್ದೆ ಅಂತ ಈಗ ಗೊತ್ತಾಗ್ತಿದೆ.” ಎಲ್ಲೋ ಯಾರೋ ನಕ್ಕು, ತಡೆದುಕೊಂಡರು. “ನನ್ನದಕ್ಕೂ ಅದೇ ಇರಲಿ. ಫಲಕ ಮುಚ್ಚಿ.”

ಸ್ಪೀಕರ್ ಮುಚ್ಚಿದರು. ಐವತ್ಮೂರು ಪರ, ಹದಿನಾಲ್ಕು ವಿರುದ್ಧ, ಮಸೂದೆಗೆ ಸೋಲು. ಸುತ್ತಿಗೆಯ ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ಆದರೆ ಅದು ಬಿದ್ದ ಮೇಲೆ ಯಾರೂ ಮುಂದಿನ ಕಾಗದ ತಿರುವಲಿಲ್ಲ. ಗೆದ್ದ ಹದಿನಾಲ್ಕು ಜನವೂ ಕೂತಲ್ಲೇ ಕೂತಿದ್ದರು. ಗುಡಿಯೊಳಗೆ ಮಂಗಳಾರತಿ ಮುಗಿದ ಮೇಲೆ, ಯಾರಾದರೂ ಮೊದಲು ಏಳಲಿ ಎಂದು ಎಲ್ಲರೂ ಕಾಯುವ ಹೊತ್ತಿನಂತಿತ್ತು. ತಮಗೆ ದುಃಖವಾಗುತ್ತದೆಂದು ಶಶಿಧರರು ಕಾದರು. ಬಂದದ್ದು ದುಃಖವಲ್ಲ, ಅಥವಾ ಅದೊಂದೇ ಅಲ್ಲ. ಹಿಂದೊಮ್ಮೆ, ಭಾರ ಇಳಿಸಿದ ಮೇಲೆ ಸೇತುವೆಯ ಕೆಳಗೆ ನಿಂತು ಅದು ನಿಂತಿದ್ದನ್ನು ನೋಡಿದ್ದರು. ಈಗ ಫಲಕವನ್ನು ಹಾಗೇ ನೋಡಿದರು.

ಹೊರಗೆ ಮೆಟ್ಟಿಲಿನ ಬಳಿ ವ್ಯಾನ್ ಹೌಟನ್ ಏದುಸಿರು ಬಿಡುತ್ತಾ ಅವರನ್ನು ತಡೆದ. “ಆಕೆ ನೋಡಿದ್ದು ನಿಮ್ಮನ್ನೇ ಅಲ್ಲವೇ?”

“ಹೌದು.”

“ಇಪ್ಪತ್ತಾರು ವರ್ಷದಿಂದ ಇಲ್ಲಿದ್ದೇನೆ. ತನ್ನ ಮಸೂದೆ ಸಾಯಲಿ, ನಿಯಮ ಉಳಿಯಲಿ ಅಂದವರನ್ನು ನೋಡಿರಲಿಲ್ಲ.” ಅವನ ಕಣ್ಣು ಚೀಲದ ಅಂಟುಚೀಟಿಯ ಮೇಲೆ ಬಿತ್ತು. ಅವನು ಟೋಪಿ ತೆಗೆದ. “ಇವರೇನಾ? ಹೆಸರು?”

“ಶೈಲಾ.”

“ಮೀನು ಹಿಡಿಯುತ್ತಿದ್ದರೇ?”

“ಇಲ್ಲ. ಹಿಡಿಯುವವರನ್ನು ನೋಡಿ ಬೈಯುತ್ತಿದ್ದಳು.”

ಮುದುಕ ನಕ್ಕ. “ನಾನು ನವೆಂಬರಿನಲ್ಲಿ ಗೆದ್ದಿದ್ದೇನೆ, ನಾಳೆ ಹನ್ನೆರಡರ ಮೇಲೂ ಇಲ್ಲೇ ಇರುತ್ತೇನೆ. ನಿಮ್ಮ ಮಸೂದೆಯನ್ನು ನಾಳೆ ನಾನೇ ಮಂಡಿಸುತ್ತೇನೆ. ಓಟು ಹಾಕುತ್ತೇನೆ ಅಂತ ಹೇಳುತ್ತಿಲ್ಲ. ಆಗಲೂ ನೋ ಅನ್ನಬಹುದು. ಆದರೆ ಅದು ಹಗಲಲ್ಲಿ, ಎಲ್ಲರೂ ಬಂದ ದಿನ ನಡೆಯಲಿ. ಆಮೇಲೆ, ಆ ನಿಯಮದಲ್ಲೊಂದು ತೂತಿದೆ. ಗೊತ್ತೇ?”

“ಗೊತ್ತು,” ಎಂದರು ಶಶಿಧರ. “ಅದಕ್ಕೆ ಹಾಕುವ ಸಾಲು ನನ್ನ ಹತ್ತಿರ ಇದೆ.”

ಜೇಬಿನಲ್ಲಿ ಉಳಿದಿದ್ದ ಅಂಟುಚೀಟಿಯ ಹಿಂದಿನ ಕಾಗದದ ಮೇಲೆ ಬರೆದುಕೊಟ್ಟರು.

ಮರುದಿನ ಹಿಮ ನಿಂತು ಬಿಸಿಲು ಬಿದ್ದಿತ್ತು. ಗ್ಯಾಲರಿ ತುಂಬಾ ಹೊಸ ಸದಸ್ಯರ ಅಪ್ಪಂದಿರು, ಅಜ್ಜಿಯರು, ಅಳುವ ಕೂಸುಗಳು. ನಿರುಪಮಾ ಬಂದು ಶಶಿಧರರ ಪಕ್ಕದಲ್ಲಿ ಕೂತಳು. ಈಗ ಅವಳೂ ಸಂದರ್ಶಕಿ. ಕೋಟಿನ ಮೇಲೆ ಅಂಟುಚೀಟಿ. ಒತ್ತಲು ಗುಂಡಿಯಿಲ್ಲದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಒಮ್ಮೆ ಮಡಿಲಲ್ಲಿ, ಒಮ್ಮೆ ಕಟಕಟೆಯ ಮೇಲೆ ಇಡುತ್ತಿದ್ದಳು.

“ಅಂಕಲ್, ಸಾರಿ. ಪೇಜ್ ಟರ್ನ್ ಮಾಡ್ಬೇಕಿತ್ತು ನಾನು.”

“ಮರದ ಪಾತ್ರ ಮಾಡಿದಾಕಿ ನೀನು. ನಿನ್ನೆ ಛೊಲೋ ನಿಂತಿ.”

ಹನ್ನೆರಡು ಹೊಡೆಯಿತು. ಒಂದು ಸದನ ಮುಗಿದದ್ದಕ್ಕೂ ಇನ್ನೊಂದು ಹುಟ್ಟಿದ್ದಕ್ಕೂ ನಡುವೆ ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಲು ಶಶಿಧರ ಗಡಿಯಾರ ನೋಡುತ್ತಿದ್ದರು. ಏನೂ ಹಿಡಿಯಲಿಲ್ಲ. ಅದೇ ಕೋಣೆ, ಅದೇ ಮೇಜು. ನಿನ್ನೆಯ ಬಲವೆಲ್ಲ ಇಲ್ಲ, ಇಂದಿನದು ಇದೆ. ಯಾರೂ ಯಾರನ್ನೂ ತಳ್ಳಲಿಲ್ಲ.

ನಿನ್ನೆಯ ನಿಯಮಗಳೂ ಸದನದ ಜೊತೆಗೇ ಸತ್ತಿದ್ದವು. ಪ್ರತಿ ಹೊಸ ಸದನವೂ ತನ್ನ ನಿಯಮಾವಳಿಯನ್ನು ಹೊಸದಾಗಿ ಒಪ್ಪಬೇಕು. ಲೇಮ್ ಡಕ್ ನಿಯಮ ಇರಲಿ ಎನ್ನಲು ಯಾರಿಗೂ ಕಾರಣವಿರಲಿಲ್ಲ. ನಿನ್ನೆ ಅದು ಕೆಡವಿದ್ದು ಐವತ್ಮೂರು ಜನರ ಮಸೂದೆಯನ್ನು. ಅವರಲ್ಲಿ ಹೆಚ್ಚಿನವರು ಇಂದೂ ಕೆಳಗಿದ್ದರು. ಬಿಟ್ಟುಬಿಟ್ಟರೆ ಕೇಳುವವರೇ ಇಲ್ಲ.

ವ್ಯಾನ್ ಹೌಟನ್ ಎದ್ದು ಒಂದು ಚೀಟಿಯನ್ನು ಗುಮಾಸ್ತನಿಗೆ ಕೊಟ್ಟ. ಉಸಿರು ಬಿಡದೆ ಓದುವ ಗುಮಾಸ್ತ ಅದನ್ನು ಓದಲು ಶುರುಮಾಡಿ, ಮೊದಲ ಅಲ್ಪವಿರಾಮಕ್ಕೆ ನಿಂತ. ಎರಡನೆಯದಕ್ಕೂ ನಿಂತ. ಆ ವಾಕ್ಯವನ್ನು ಓಡಿಸಲು ಬರುತ್ತಿರಲಿಲ್ಲ. ಒಟ್ಟು ಸದಸ್ಯರಲ್ಲಿ, ಹಾಜರಿದ್ದವರಲ್ಲಿ ಅಲ್ಲ. ಆಮೇಲೆ ಹೊಸ ಸಾಲು: ಈ ನಿಯಮವನ್ನು ಅಮಾನತಿನಲ್ಲಿಡಲೂ ಅಷ್ಟೇ ಮಂದಿ ಬೇಕು. ಬದರಿ ತಮ್ಮ ಪಾಡಿಗೆ ಬಾಯಿ ತೆರೆದು ಕೇಳುತ್ತಿದ್ದರು. ಅನುಕರಣೆ ಮಾಡುವುದನ್ನೇ ಮರೆತಿದ್ದರು.

“ಪರ ಇರುವವರು?” ಎಂದರು ಹೊಸ ಸ್ಪೀಕರ್.

ಹಳಬರು ಹೊಸಬರು ಎನ್ನದೆ, ನಿನ್ನೆ ಹಸಿರು ಒತ್ತಿದವರು ಕೆಂಪು ಒತ್ತಿದವರು ಎನ್ನದೆ, ನಿನ್ನೆ ಹಿಮದಲ್ಲಿ ಸಿಕ್ಕಿಕೊಂಡು ಬಾರದವಳೂ ಸೇರಿ, ಕೆಳಗಿನಿಂದ ಒಂದೇ ದನಿ ಎದ್ದಿತು. ಕಟಕಟೆಯ ಮರ ಅದುರಿದ್ದು ಶಶಿಧರರ ಅಂಗೈಗೆ ತಿಳಿಯಿತು.

“ವಿರುದ್ಧ?”

ಒಂದು ಕೂಸು ಅತ್ತಿತು, ಅಷ್ಟೇ.

ತಾವು ಎದ್ದು ನಿಂತಿದ್ದೇವೆಂದು ಶಶಿಧರರಿಗೆ ಆಗ ಗೊತ್ತಾಯಿತು. ಗ್ಯಾಲರಿಯಲ್ಲಿ ನಿಲ್ಲುವಂತಿಲ್ಲ. ಬಾಗಿಲ ಬಳಿಯ ಕಾವಲುಗಾರ ಅವರನ್ನು ನೋಡಿದ, ಅವರ ಕೈಯಲ್ಲಿದ್ದ ಚೀಲವನ್ನು ನೋಡಿದ, ಬೇರೆ ಕಡೆ ತಿರುಗಿದ.

“ಕೂತ್ಕೊಳೋ,” ಬದರಿ ತೋಳು ಎಳೆದರು. “ನಿನ್ನ ಮಸೂದೆ ಇನ್ನೂ ಎಲ್ಲಿ ಪಾಸಾಯ್ತು? ಕಮಿಟಿ ಇದೆ, ಓಟಿದೆ, ಆ ಮೀನಿನ ಮುದುಕ ಬೇರೆ. ವಸಂತ ಆಗುತ್ತೆ.”

“ಆಗ್ಲಿ.”

“ಅಲ್ಲೀತನಕ ಇವ್ರು?”

ಶಶಿಧರರು ಕೆಳಗೆ ನೋಡುತ್ತಲೇ ಇದ್ದರು. ವ್ಯಾನ್ ಹೌಟನ್ ಗುಮಾಸ್ತನ ಮೇಜಿಗೆ ಹೋಗಿ ಒಂದೂವರೆ ಪುಟದ ಕಾಗದವನ್ನು ಪೆಟ್ಟಿಗೆಯೊಳಗೆ ಇಳಿಬಿಡುತ್ತಿದ್ದ, ಮೀನಿನ ಗಾಳ ಬಿಡುವಷ್ಟು ನಾಜೂಕಾಗಿ.

“ಅಕಿನ್ನೂ ಇಲ್ಲೇ ಕರಕೊಂಡು ಬರೋಣು,” ಎಂದರು. “ಎಲ್ಲಾ ಓದೂ ಕೇಳ್ಲಿ. ಹಾಜರಿ ಇರ್ಲಿ.”